ಮೂವತ್ತು ಮಾರಿನ ಕೆಳಗಿನ ಅಜ್ಜಿಯರು



ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೆಸಿಫಿಕ್ ಕರಾವಳಿಯಲ್ಲಿ ಮಾರ್ಚ್ ತಿಂಗಳ ಎರಡನೆಯ ಶನಿವಾರಕ್ಕೆ ಬಹಳ ಜನ ಕಾಯುತ್ತಿರುತ್ತಾರೆ. ತಳದ ಮೀನಿನ ಹಂಗಾಮು ಶುರುವಾಗುವುದು ಅಂದು. ವಾಷಿಂಗ್ಟನ್ ಎಂದರೆ ಇಲ್ಲಿ ರಾಜಧಾನಿಯಲ್ಲ, ದೇಶದ ಇನ್ನೊಂದು ತುದಿಯ ರಾಜ್ಯ. ಅಲ್ಲಿನ ದೊಡ್ಡ ಊರು ಸಿಯಾಟಲ್. ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ಅಲ್ಲೇ ನೆಲೆ ನಿಂತಿದ್ದಾರೆ. ಸಿಯಾಟಲ್‌ನಿಂದ ಕಾರಿನಲ್ಲಿ ಪಡುವಣಕ್ಕೆ ಎರಡೂವರೆ ಗಂಟೆ ಹೋದರೆ ರಸ್ತೆ ಮುಗಿದು ಕಡಲು ಬರುತ್ತದೆ. ಆ ಕೊನೆಯ ಊರಿನ ಹೆಸರು ವೆಸ್ಟ್‌ಪೋರ್ಟ್. ಎರಡು ಸಾವಿರ ಚಿಲ್ಲರೆ ಜನ, ಒಂದು ಬಂದರು, ಒಂದು ದೀಪಸ್ತಂಭ, ಸಾಲಾಗಿ ಕಟ್ಟಿ ಹಾಕಿದ ಬಾಡಿಗೆ ಬೋಟುಗಳು. ಇಷ್ಟೇ ಊರು.

ಈ ಬಾಡಿಗೆ ಬೋಟಿನ ವ್ಯವಹಾರವನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಸೀಟಿಗೆ ಇಷ್ಟು ಎಂದು ದುಡ್ಡು ಕೊಟ್ಟರೆ ಗಾಳದ ಕೋಲು, ದಾರ, ಸೀಸ, ಎರೆ ಎಲ್ಲ ಬೋಟಿನವರದೇ. ಒಂದು ದಿನದ ಪರವಾನಗಿಯನ್ನೂ ಅಲ್ಲೇ ಕೌಂಟರಿನಲ್ಲಿ ಬರೆದುಕೊಡುತ್ತಾರೆ. ನಸುಕಿನಲ್ಲಿ ಹೊರಟು ಮಧ್ಯಾಹ್ನ ಕಳೆಯುವ ಹೊತ್ತಿಗೆ ವಾಪಸು. ಹಿಡಿದ ಮೀನು ನಿಮ್ಮದು, ಆದರೆ ಮಾರುವಂತಿಲ್ಲ, ಮನೆಗೆ ಒಯ್ದು ತಿನ್ನಬೇಕು. ಗಂಗೊಳ್ಳಿಯ ಕಡೆಯ ಒಬ್ಬ ಹಳೆಯ ತಾಂಡೇಲರಿಗೆ, ಅಂದರೆ ಬೋಟು ನಡೆಸುವವರಿಗೆ, ನಾನು ಇದನ್ನು ವಿವರಿಸಿದಾಗ ಅವರು ಎಲೆ ಅಡಿಕೆ ಉಗಿದು ಬಂದು ಕೇಳಿದ್ದು ಒಂದೇ ಮಾತು: ‘ಮೀನ್ ಹಿಡುಕೆ ನಾವೇ ದುಡ್ಡ್ ಕೊಡ್ಕಾ?’ ಹೌದು ಅಂದೆ. ಅವರು ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಜೀವ ಪಣಕ್ಕಿಟ್ಟು ಕಡಲಿಗೆ ಇಳಿದವರಿಗೆ ಇದು ಹುಚ್ಚಾಟ ಅನ್ನಿಸಿದರೆ ತಪ್ಪೇನಿಲ್ಲ. ಆದರೆ ಈ ಹುಚ್ಚಾಟದವರು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಕಲಿತದ್ದೊಂದಿದೆ. ಅದನ್ನು ಕೇಳಿದರೆ ಆ ತಾಂಡೇಲರೂ ಕಿವಿ ನಿಮಿರಿಸಿಯಾರು.

ವೆಸ್ಟ್‌ಪೋರ್ಟ್ ಇರುವುದು ಗ್ರೇಸ್ ಹಾರ್ಬರ್ ಎಂಬ ದೊಡ್ಡ ಹಿನ್ನೀರಿನ ಬಾಯಲ್ಲಿ. 1792ರಲ್ಲಿ ರಾಬರ್ಟ್ ಗ್ರೇ ಎಂಬ ಹಡಗಿನ ಕಪ್ತಾನ ಇಲ್ಲಿ ಒಳಹೊಕ್ಕದ್ದರಿಂದ ಈ ಹೆಸರು. 1898ರಲ್ಲಿ ಕಟ್ಟಿದ ದೀಪಸ್ತಂಭ 107 ಅಡಿ ಎತ್ತರವಿದೆ, ಆ ರಾಜ್ಯದಲ್ಲಿ ಅದಕ್ಕಿಂತ ಎತ್ತರದ್ದು ಇನ್ನೊಂದಿಲ್ಲ. ಕಟ್ಟುವಾಗ ನೀರಿಗೆ ಈಗಿಗಿಂತ ಬಹಳ ಹತ್ತಿರವಿತ್ತು. ಆಮೇಲೆ ಅಳಿವೆಯ ಎರಡು ಬದಿಗೂ ಕಲ್ಲಿನ ತಡೆಗೋಡೆ ಹಾಕಿದರು, ಮರಳು ಬಂದು ಕೂತಿತು, ಈಗ ದೀಪಸ್ತಂಭದಿಂದ ಕಡಲಿಗೆ ನಡೆದೇ ಹೋಗಬೇಕು. ಅಳಿವೆಗೆ ಕಲ್ಲು ಹಾಕಿದರೆ ಮರಳು ಎಲ್ಲಿ ಬಂದು ಕೂರುತ್ತದೆ ಎಂಬುದು ನಮ್ಮ ಕರಾವಳಿಯವರಿಗೂ ಚೆನ್ನಾಗಿ ಗೊತ್ತಿರುವ ವಿಷಯ.

ಈ ಅಳಿವೆ ದಾಟುವುದೇ ಅಲ್ಲಿನ ಮೊದಲ ಪರೀಕ್ಷೆ. ಒಳಗಿನ ನೀರು ಇಳಿತದಲ್ಲಿ ಹೊರಗೆ ನುಗ್ಗುವಾಗ ಎದುರಿನಿಂದ ಪೆಸಿಫಿಕ್ಕಿನ ಉಬ್ಬು ಬಂದರೆ ಅಲೆ ಗೋಡೆಯಂತೆ ಎದ್ದು ಮುರಿಯುತ್ತದೆ. ಸ್ವಲ್ಪ ದಕ್ಷಿಣಕ್ಕಿರುವ ಕೊಲಂಬಿಯಾ ನದಿಯ ಅಳಿವೆಯೂ ಸೇರಿ ಆ ಭಾಗದ ಕಡಲಿಗೆ ಪೆಸಿಫಿಕ್ಕಿನ ಸ್ಮಶಾನ ಎಂದೇ ಹೆಸರು ಬಿದ್ದಿದೆ. ಅಮೆರಿಕದ ಕರಾವಳಿ ರಕ್ಷಣಾ ಪಡೆ ಬೆಳಗ್ಗೆ ಅಳಿವೆಯ ಸ್ಥಿತಿ ನೋಡಿ, ಇಷ್ಟು ಅಡಿಗಿಂತ ಚಿಕ್ಕ ಬೋಟುಗಳಿಗೆ ಇವತ್ತು ಅಪ್ಪಣೆಯಿಲ್ಲ ಎಂದರೆ ಮುಗಿಯಿತು. ದುಡ್ಡು ಕಟ್ಟಿದವರು ದಂಡೆಯಲ್ಲಿ ಕಾಫಿ ಕುಡಿದು ಮನೆಗೆ ಹೋಗಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಹಾಗಾಗುವುದು ಅಪರೂಪವೇನಲ್ಲ. ವಸಂತ ಎಂದರೆ ನಮ್ಮ ಮಾವಿನ ಚಿಗುರಿನ ವಸಂತವಲ್ಲ ಅದು. ನೀರು ಕೈ ಮರಗಟ್ಟುವಷ್ಟು ತಣ್ಣಗೆ, ಮೇಲಿನಿಂದ ಜಿನುಗು ಮಳೆ. ಅದೇ ಹೊತ್ತಿಗೆ ಬೂದು ತಿಮಿಂಗಿಲಗಳು ಮೆಕ್ಸಿಕೋದಿಂದ ಅಲಾಸ್ಕಕ್ಕೆ ಹೊರಟು ಅದೇ ದಾರಿಯಲ್ಲಿ ಹಾದುಹೋಗುತ್ತವೆ. ಹೊಟ್ಟೆ ತೊಳೆಸಿಕೊಂಡು ಬೋಟಿನ ಅಂಚು ಹಿಡಿದು ಬಗ್ಗಿದವರಿಗೇ ಅವು ಮೊದಲು ಕಾಣುವುದು ಎಂದು ಬೋಟಿನವರು ತಮಾಷೆ ಮಾಡುತ್ತಾರೆ.

ಇನ್ನು ಗಾಳದ ವಿಷಯ. ಇಲ್ಲಿ ಬೋಟು ನಿಲ್ಲುವುದು ಮರಳಿನ ಮೇಲಲ್ಲ, ಕಲ್ಲಿನ ಮೇಲೆ. ಕಡಲಡಿಯಲ್ಲಿ ಗುಡ್ಡೆಯಂತೆ ಎದ್ದ ಬಂಡೆಗಳಿವೆ, ತಾಂಡೇಲರ ಬಳಿ ಆ ಜಾಗಗಳ ಗುರುತಿರುತ್ತದೆ. ‘ಬಿಡಿ’ ಎಂದು ಕೂಗಿದ ಕೂಡಲೇ ಎಲ್ಲರೂ ಒಟ್ಟಿಗೆ ದಾರ ಬಿಡುತ್ತಾರೆ. ಸೀಸ ಸರ್ರನೆ ಇಳಿಯುತ್ತದೆ, ಇಳಿಯುತ್ತಲೇ ಇರುತ್ತದೆ, ಆಮೇಲೆ ದಾರ ಥಟ್ಟನೆ ಸಡಿಲವಾಗುತ್ತದೆ. ಅದು ತಳ. ಹೊಸಬರು ಅಲ್ಲೇ ಬಿಟ್ಟರೆ ಸೀಸ ಕಲ್ಲಿನ ಸಂದಿಗೆ ಸಿಕ್ಕಿ ದಾರ ಕಡಿಯಬೇಕಾಗುತ್ತದೆ. ಆದ್ದರಿಂದ ಸೀಸ ಕಲ್ಲಿಗೆ ತಾಗಿದ್ದು ಬೆರಳಿಗೆ ಗೊತ್ತಾದ ತಕ್ಷಣ ಚಕ್ರವನ್ನು ಎರಡು ಸುತ್ತು ಮೇಲೆ ತಿರುಗಿಸಬೇಕು. ಕಲ್ಲಿಗಿಂತ ಒಂದು ಮಾರು ಮೇಲೆ ಎರೆ ಕುಣಿಯುತ್ತಿರಬೇಕು. ಇಡೀ ವಿದ್ಯೆ ಆ ಎರಡು ಸುತ್ತಿನಲ್ಲಿದೆ. ಉಳಿದದ್ದೆಲ್ಲ ಮೀನಿನ ಕೆಲಸ.

ಸಿಗುವ ಮೀನುಗಳಲ್ಲಿ ಹೆಚ್ಚಿನವು ರಾಕ್‌ಫಿಶ್ ಎಂಬ ಬಳಗದವು. ಮುಳ್ಳು ರೆಕ್ಕೆ, ದೊಡ್ಡ ಬಾಯಿ, ಉಬ್ಬಿದ ಕಣ್ಣು, ಬಂಡೆಯ ಬುಡದಲ್ಲಿ ವಾಸ. ಈ ಬಳಗದಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ. ಕರಿ ರಾಕ್‌ಫಿಶ್ ಬಂಡೆಯ ಮೇಲೆ ಹಿಂಡಾಗಿ ತೇಲುತ್ತದೆ, ವೆಸ್ಟ್‌ಪೋರ್ಟ್‌ನಲ್ಲಿ ಚೀಲ ತುಂಬುವುದು ಮುಖ್ಯವಾಗಿ ಅದೇ. ಆದರೆ ಎಲ್ಲರೂ ಬಯಸುವುದು ಲಿಂಗ್‌ಕಾಡ್. ಒಂದೂವರೆ ಮೀಟರಿನವರೆಗೂ ಬೆಳೆಯುವ, ಬಾಯಿ ತೆರೆದರೆ ಹಲ್ಲಿನ ಸಂತೆಯೇ ಕಾಣುವ ಬೇಟೆಗಾರ ಮೀನು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಡಲ ಪ್ರಯೋಗಾಲಯದವರು ಈ ಹಲ್ಲುಗಳನ್ನು ಬಣ್ಣ ಹಾಕಿ ಎಣಿಸಿದರು. ಒಂದು ಮೀನಿಗೆ ಐನೂರಕ್ಕೂ ಹೆಚ್ಚು ಹಲ್ಲು, ದಿನಕ್ಕೆ ಸುಮಾರು ಇಪ್ಪತ್ತು ಉದುರಿ ಹೊಸದು ಬರುತ್ತವೆ ಎಂದು 2021ರಲ್ಲಿ ಪ್ರಕಟಿಸಿದರು. ದಂತವೈದ್ಯರ ಹಂಗಿಲ್ಲದ ಜೀವಿ. ಇದರ ಇನ್ನೊಂದು ಗುಣ ಹಟ. ಗಾಳಕ್ಕೆ ಸಿಕ್ಕ ಚಿಕ್ಕ ರಾಕ್‌ಫಿಶ್ ಮೇಲೆ ಬರುತ್ತಿರುವಾಗ ಲಿಂಗ್‌ಕಾಡ್ ಅದನ್ನು ಅಡ್ಡಲಾಗಿ ಕಚ್ಚಿ ಹಿಡಿಯುತ್ತದೆ. ತನಗೆ ಗಾಳ ಚುಚ್ಚಿಲ್ಲದಿದ್ದರೂ ಬಾಯಿ ಬಿಡದೆ ಬೋಟಿನ ಪಕ್ಕದವರೆಗೂ ಬರುತ್ತದೆ. ಕೆಲವದರ ಮಾಂಸ ನೀಲಿ ಹಸಿರಾಗಿರುವುದೂ ಉಂಟು. ಬಿಲಿವರ್ಡಿನ್ ಎಂಬ ಪಿತ್ತದ ಬಣ್ಣ ಅದು. ಒಲೆಯ ಮೇಲೆ ಇಟ್ಟರೆ ಬೆಳ್ಳಗಾಗುತ್ತದೆ, ರುಚಿಗೇನೂ ಕುಂದಿಲ್ಲ.

ಚಳಿಗಾಲದಲ್ಲಿ ಹೆಣ್ಣು ಲಿಂಗ್‌ಕಾಡ್ ಬಂಡೆಯ ಸಂದಿಯಲ್ಲಿ ಮೊಟ್ಟೆಯ ಗಡ್ಡೆ ಇಟ್ಟು ಹೊರಟುಹೋಗುತ್ತದೆ, ಮರಿಯೊಡೆಯುವ ತನಕ ಕಾವಲು ಗಂಡಿನದು. ಗಂಡು ಹೊರಟುಹೋದರೆ ಉಳಿದ ಮೀನುಗಳು ಬಂದು ಮೊಟ್ಟೆ ಮುಗಿಸುತ್ತವೆ. ಕಾವಲಿನ ದಿನಗಳ ದೊಡ್ಡ ಭಾಗ ಮುಗಿದ ಮೇಲೆಯೇ ಮಾರ್ಚ್‌ನಲ್ಲಿ ಗಾಳ ಬಿಡುವುದು.

ಈಗ ನಾನು ಹೇಳಬೇಕೆಂದುಕೊಂಡ ಮುಖ್ಯ ಸಂಗತಿಗೆ ಬರುತ್ತೇನೆ, ಈ ಮೀನುಗಳ ವಯಸ್ಸು. ನಮ್ಮ ಬೂತಾಯಿ, ಕಾರವಾರದವರ ತಾರ್ಲೆ, ವರ್ಷ ತುಂಬುವ ಹೊತ್ತಿಗೆ ಮೊಟ್ಟೆಗೆ ಬರುತ್ತದೆ. ಮೂರ್ನಾಲ್ಕು ವರ್ಷಕ್ಕಿಂತ ಹೆಚ್ಚು ಬದುಕುವುದು ವಿರಳ. ಕರಿ ರಾಕ್‌ಫಿಶ್ ಐವತ್ತರ ಹತ್ತಿರ ಹೋಗುತ್ತದೆ. ಹಳದಿ ಕಣ್ಣಿನ, ಕಿತ್ತಳೆ ಮೈಯ ಯೆಲ್ಲೋಐ ಎಂಬುದು ನೂರು ದಾಟುತ್ತದೆ. ಅದೇ ಬಳಗದ ರಫ್‌ಐ ಎಂಬ ಇನ್ನೊಂದು ಮೀನಿನ ವಯಸ್ಸು 205 ಎಂದು ಲೆಕ್ಕ ಸಿಕ್ಕಿದೆ. ಈಸ್ಟ್ ಇಂಡಿಯಾ ಕಂಪನಿಯವರು ಟಿಪ್ಪುವಿನ ಶ್ರೀರಂಗಪಟ್ಟಣ ಹಿಡಿದ ಕಾಲದ ಆಸುಪಾಸಿನಲ್ಲಿ ಹುಟ್ಟಿದ ಮೀನು ಸಾಫ್ಟ್‌ವೇರಿನವರ ಕಾಲದವರೆಗೂ ಈಜಿದೆ ಎಂದ ಹಾಗಾಯಿತು. ಮೀನಿನ ತಲೆಯೊಳಗೆ ಕಿವಿಗಲ್ಲು ಎಂಬ ಪುಟ್ಟ ಸುಣ್ಣದ ಹರಳಿರುತ್ತದೆ. ಅದನ್ನು ಅಡ್ಡಕ್ಕೆ ಮುರಿದು ಸ್ವಲ್ಪ ಸುಟ್ಟರೆ ವರ್ಷಕ್ಕೊಂದರಂತೆ ಗೆರೆ ಎದ್ದು ಕಾಣುತ್ತದೆ, ಸೂಕ್ಷ್ಮದರ್ಶಕದ ಕೆಳಗೆ ಎಣಿಸುತ್ತಾರೆ.

ಯೆಲ್ಲೋಐ ಮೊದಲ ಸಲ ಮರಿಹಾಕುವಾಗ ಅದಕ್ಕೆ ಹದಿನೈದು ಇಪ್ಪತ್ತು ವರ್ಷವಾಗಿರುತ್ತದೆ. ಮರಿ ಹಾಕುವುದೇ ಸರಿ, ರಾಕ್‌ಫಿಶ್ ಮೊಟ್ಟೆಯಿಟ್ಟು ಹೋಗುವ ಮೀನಲ್ಲ. ದೊಡ್ಡ ವಯಸ್ಸಿನ ಹೆಣ್ಣು ಎಷ್ಟೋ ಪಟ್ಟು ಹೆಚ್ಚು ಮರಿ ಹಾಕುತ್ತದೆ. ಅಷ್ಟೇ ಅಲ್ಲ, ಪಕ್ಕದ ರಾಜ್ಯ ಒರೆಗಾನ್‌ನ ತೀರದ ಕರಿ ರಾಕ್‌ಫಿಶ್‌ಗಳ ಮೇಲೆ ನಡೆಸಿ 2004ರಲ್ಲಿ ಪ್ರಕಟವಾದ ಅಧ್ಯಯನ ಹೇಳುವಂತೆ ವಯಸ್ಸಾದ ತಾಯಿಯ ಮರಿಗೆ ಹುಟ್ಟುವಾಗಲೇ ಎಣ್ಣೆಯ ಬುತ್ತಿ ದೊಡ್ಡದಿರುತ್ತದೆ. ಅದು ಬೇಗ ಬೆಳೆಯುತ್ತದೆ, ಹಸಿವನ್ನು ಹೆಚ್ಚು ದಿನ ತಡೆಯುತ್ತದೆ. ಹಾಗಿದ್ದ ಮೇಲೆ, ದೊಡ್ಡದನ್ನು ಹಿಡಿ, ಚಿಕ್ಕದನ್ನು ಬಿಡು ಎಂಬ ಬಲೆಯ ನ್ಯಾಯ ಇಲ್ಲಿ ತಲೆಕೆಳಗು. ಇಲ್ಲಿ ಮನೆ ನಡೆಸುವವರು ಅಜ್ಜಿಯರು. ಸಾಲದ್ದಕ್ಕೆ ಅವರು ಊರು ಬಿಟ್ಟು ಹೋಗುವವರೂ ಅಲ್ಲ. ಬಂಗುಡೆ ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಯೆಲ್ಲೋಐ ತನ್ನ ಬಂಡೆಯ ಸುತ್ತಲೇ ಆಯುಷ್ಯ ಕಳೆಯುತ್ತದೆ. ಒಂದು ಬಂಡೆಯನ್ನು ಒಮ್ಮೆ ಬರಿದು ಮಾಡಿದರೆ ಪಕ್ಕದೂರಿನಿಂದ ಬಂದು ತುಂಬುವವರಿಲ್ಲ.

ಇದು ಗೊತ್ತಾಗುವ ಮೊದಲು ಆದದ್ದು ಲೂಟಿ. 1960ರ ದಶಕದಲ್ಲಿ ಸೋವಿಯೆತ್ ಮತ್ತು ಜಪಾನಿನ ದೊಡ್ಡ ಹಡಗುಗಳು ಅಲ್ಲಿನ ತಳ ಗುಡಿಸಿದವು. 1976ರಲ್ಲಿ ಅಮೆರಿಕ ತನ್ನ ತೀರದ 200 ಮೈಲಿಯನ್ನು ತನ್ನದೆಂದು ಕಾನೂನು ಮಾಡಿ ಅವರನ್ನು ಹೊರಗೆ ಕಳಿಸಿತು, ಕಳಿಸಿ ತನ್ನವರಿಗೆ ಟ್ರಾಲ್ ಬೋಟು ಕಟ್ಟಲು ಸಾಲ ಕೊಟ್ಟಿತು. ಪರರು ಗುಡಿಸಿದ್ದನ್ನು ಮನೆಯವರು ಮುಂದುವರಿಸಿದರು. ಆ ಶತಮಾನ ಮುಗಿಯುವ ಹೊತ್ತಿಗೆ ಲೆಕ್ಕ ಹಾಕಿ ನೋಡಿದರೆ ತಿಜೋರಿ ಖಾಲಿ. 1999ರಲ್ಲಿ ಲಿಂಗ್‌ಕಾಡ್, 2000ದಲ್ಲಿ ಕ್ಯಾನರಿ ರಾಕ್‌ಫಿಶ್, 2002ರಲ್ಲಿ ಯೆಲ್ಲೋಐ, ಹೀಗೆ ಒಂದರ ಹಿಂದೆ ಒಂದು ಮಿತಿಮೀರಿ ಹಿಡಿದ ಮೀನುಗಳ ಪಟ್ಟಿಗೆ ಸೇರಿದವು. 2000ದ ಜನವರಿಯಲ್ಲಿ ಪಶ್ಚಿಮ ತೀರದ ತಳಮೀನುಗಾರಿಕೆಯನ್ನು ಸರ್ಕಾರ ವಿಪತ್ತು ಎಂದೇ ಘೋಷಿಸಿತು. 2003ರಲ್ಲಿ 91 ಟ್ರಾಲ್ ಬೋಟುಗಳನ್ನು ಪರಿಹಾರ ಕೊಟ್ಟು ಕಸುಬಿನಿಂದ ಹೊರಗೆ ತಂದರು. ಬಂಡೆಗಳಿರುವ ಆಳದ ಪಟ್ಟಿಗಳನ್ನು ಮುಚ್ಚಿದರು. ಯೆಲ್ಲೋಐ ಮೊದಲಿನ ಸ್ಥಿತಿಗೆ ಬರಲು 2074 ಆಗಬಹುದು ಎಂಬುದು ಒಂದು ಕಾಲದ ಅಂದಾಜು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ದಡ ಸೇರುತ್ತವಲ್ಲ, ಅಂಥ ಮಳೆಗಾಲದ ರಜೆ ಬೂತಾಯಿ, ಬಂಗುಡೆಗೆ ಒಂದಿಷ್ಟು ಉಸಿರು ಕೊಡುತ್ತದೆ. ನೂರು ವರ್ಷ ಬದುಕುವ ಮೀನಿಗೆ ಎರಡು ತಿಂಗಳ ರಜೆ ಯಾವ ಲೆಕ್ಕ?

ಬಾಡಿಗೆ ಬೋಟಿನವರಿಗೂ ಬಿಸಿ ಮುಟ್ಟಿತು. ವರ್ಷಗಟ್ಟಲೆ ವೆಸ್ಟ್‌ಪೋರ್ಟ್‌ನವರು ವಸಂತದಲ್ಲಿ ಮೂವತ್ತು ಮಾರಿಗಿಂತ ಆಳದಲ್ಲಿ ತಳದ ಮೀನಿಗೆ ಗಾಳ ಹಾಕುವಂತಿರಲಿಲ್ಲ, ಅಲ್ಲಿಂದಾಚೆ ಯೆಲ್ಲೋಐಗಳ ವಾಸವೆಂದು. ಸಿಕ್ಕರೂ ಇಟ್ಟುಕೊಳ್ಳುವಂತಿಲ್ಲ, ವಾಪಸು ಬಿಡಬೇಕು. ತೊಡಕಾದದ್ದು ಅಲ್ಲೇ. ಬಿಡುವುದು ಹೇಗೆ?

ಈ ಮೀನಿನ ಹೊಟ್ಟೆಯೊಳಗೆ ತೇಲಲು ಬೇಕಾದ ಗಾಳಿಚೀಲವಿದೆ, ಅದಕ್ಕೆ ಹೊರಬಾಗಿಲಿಲ್ಲ. ಮೂವತ್ತು ಮಾರು ಎಂದರೆ ಸುಮಾರು 55 ಮೀಟರ್, ಅಲ್ಲಿನ ಒತ್ತಡ ಮೇಲಿನದರ ಆರೂವರೆ ಪಟ್ಟು. ಅಷ್ಟು ಕೆಳಗಿನಿಂದ ನಿಮಿಷದೊಳಗೆ ಎಳೆದು ತಂದರೆ ಚೀಲದ ಗಾಳಿ ಅಷ್ಟು ಪಟ್ಟು ಹಿಗ್ಗುತ್ತದೆ. ಮಂಗಳೂರಿನಿಂದ ಮಡಿಕೇರಿಗೆ ಘಾಟಿ ಹತ್ತುವಾಗ ಬಸ್ಸಿನಲ್ಲಿಟ್ಟ ಚಿಪ್ಸ್ ಪೊಟ್ಟಣ ಉಬ್ಬಿ ಬಿರಿಯುವಂತಾಗುವುದಿಲ್ಲವೇ, ಅದೇ ಸಂಗತಿ. ಕಣ್ಣು ಹೊರಗೆ ಬರುತ್ತದೆ, ಹೊಟ್ಟೆ ಬಾಯಿಯಿಂದ ತಿರುವಿ ಹೊರಚಾಚುತ್ತದೆ. ನೀರಿಗೆ ಎಸೆದರೆ ಮುಳುಗಲಾರದೆ ಬೆನ್ನು ಕೆಳಗಾಗಿ ತೇಲುತ್ತದೆ, ಕಡಲ ಕಾಗೆಗಳು ಬಂದು ಕಣ್ಣು ಕುಕ್ಕುತ್ತವೆ. ಕಾನೂನು ಪಾಲಿಸಿದಂತಾಯಿತು, ಮೀನು ಸತ್ತಿತು. ನೇತ್ರಾಣಿಯ ಸುತ್ತಿನ ಮುರು ಮೀನನ್ನು ಆಳದಿಂದ ಎಳೆದರೂ ಇದೇ ಗತಿ, ಅದರ ಗಾಳಿಚೀಲಕ್ಕೂ ಬಾಗಿಲಿಲ್ಲ.

ಆಗ ಕಂಡುಕೊಂಡ ಉಪಾಯ ನೋಡಿದರೆ ಇಷ್ಟು ಸರಳವೇ ಅನ್ನಿಸುತ್ತದೆ. ಒತ್ತಡ ತಪ್ಪಿದ್ದರಿಂದ ಬಂದ ಕಾಯಿಲೆಗೆ ಒತ್ತಡವೇ ಮದ್ದು. ಮೀನನ್ನು ಮತ್ತೆ ತಳಕ್ಕೆ ಇಳಿಸಿದರೆ ಗಾಳಿ ತಾನಾಗಿ ಕುಗ್ಗುತ್ತದೆ. ನಾನು ನೋಡಿದ್ದು ಹೀಗೆ. ಬೋಟಿನ ಹಿಂಬದಿಯಲ್ಲಿ ಒಬ್ಬರ ಗಾಳಕ್ಕೆ ಕಿತ್ತಳೆ ಬಣ್ಣ ಹೊಳೆಯಿತು. ಬೋಟಿನ ಕೆಲಸದ ಕಲಾಸಿ ಹುಡುಗಿ, ಇಪ್ಪತ್ತು ಇಪ್ಪತ್ತೆರಡರವಳು, ಫೋಟೋ ಗೀಟೋ ಆಮೇಲೆ ಎಂದು ಗದರಿ ಮೀನನ್ನು ಒದ್ದೆ ಕೈಗವಸಿನಲ್ಲಿ ಹಿಡಿದಳು. ಮೊದಲೇ ಸಿದ್ಧವಿಟ್ಟಿದ್ದ ಇನ್ನೊಂದು ಕೋಲಿನ ದಾರದ ತುದಿಗೆ ಇಕ್ಕಳದಂಥ ಒಂದು ಕ್ಲಿಪ್ಪು, ಅದರ ಕೆಳಗೆ ಭಾರದ ಸೀಸ. ಕ್ಲಿಪ್ಪನ್ನು ಮೀನಿನ ಕೆಳದುಟಿಗೆ ಕಚ್ಚಿಸಿ ನೀರಿಗೆ ಬಿಟ್ಟಳು. ಸೀಸದ ಭಾರಕ್ಕೆ ಮೀನು ತಲೆ ಕೆಳಗಾಗಿ ಇಳಿಯಿತು. ಗೊತ್ತುಪಡಿಸಿದ ಆಳಕ್ಕೆ ಹೋದಾಗ ನೀರಿನ ಒತ್ತಡಕ್ಕೇ ಕ್ಲಿಪ್ಪಿನ ಬಾಯಿ ಬಿಚ್ಚಿಕೊಳ್ಳುತ್ತದೆ. ಖಾಲಿ ಕ್ಲಿಪ್ಪು ಮೇಲೆ ಬಂತು. ಎಲ್ಲ ಸೇರಿ ಎರಡು ನಿಮಿಷ ಆಗಿರಲಿಕ್ಕಿಲ್ಲ. ತಾಂಡೇಲ ಕೂಡಲೇ ಎಲ್ಲರ ಗಾಳ ಎತ್ತಿಸಿ ಬೋಟನ್ನು ಬೇರೆ ಕಲ್ಲಿಗೆ ಒಯ್ದ. ಒಂದು ಯೆಲ್ಲೋಐ ಬಂದ ಜಾಗದಲ್ಲಿ ಇನ್ನೊಂದು ಇದ್ದೇ ಇರುತ್ತದೆ ಎಂಬುದು ಅವನ ಲೆಕ್ಕ. ನನಗೆ ಕ್ಲಿಪ್ಪಿಗಿಂತ ಈ ಜಾಗ ಬದಲಾಯಿಸಿದ್ದೇ ದೊಡ್ಡದು ಅನ್ನಿಸಿತು. ದುಡ್ಡು ಕೊಟ್ಟ ಗಿರಾಕಿಗಳು ಮೀನು ಕಚ್ಚುತ್ತಿರುವಾಗ ಗಾಳ ಎತ್ತಿ ಎಂದರೆ ಮುಖ ಗಂಟಿಕ್ಕದೆ ಇರುತ್ತಾರೆಯೇ?

ಒರೆಗಾನ್‌ನ ಸಂಶೋಧಕರು ಹೀಗೆ ಇಳಿಸಿದ ಮೀನುಗಳನ್ನು ಪಂಜರದಲ್ಲಿಟ್ಟು, ಕ್ಯಾಮೆರಾ ಬಿಟ್ಟು ನೋಡಿದ್ದಾರೆ. ಹೊರಬಂದ ಕಣ್ಣು ಒಳಗೆ ಹೋಗುತ್ತದೆ, ಬಹುಪಾಲು ಮೀನು ಬದುಕುತ್ತವೆ. ತೀರಾ ಆಳದಿಂದ ಬಂದವು ಮತ್ತು ಬೋಟಿನ ಮೇಲೆ ಹೆಚ್ಚು ಹೊತ್ತು ಒದ್ದಾಡಿದವುಗಳ ಪಾಡು ಅಷ್ಟು ಚೆನ್ನಾಗಿಲ್ಲ. 2017ರಿಂದ ವಾಷಿಂಗ್ಟನ್‌ನ ಕಡಲಲ್ಲಿ ತಳದ ಮೀನಿಗೆ ಹೋಗುವ ಪ್ರತಿ ಬೋಟಿನಲ್ಲೂ ಇಂಥ ಸಾಧನ ಸಿದ್ಧವಾಗಿ ಇರಲೇಬೇಕು. ಇದರಿಂದ ಎಲ್ಲ ಪಾಪ ತೊಳೆಯಿತೆಂದು ಅಲ್ಲಿಯವರೂ ಹೇಳುವುದಿಲ್ಲ. ಆದರೆ ಲಿಂಗ್‌ಕಾಡ್ 2005ರಲ್ಲಿ, ಕ್ಯಾನರಿ 2015ರಲ್ಲಿ ಚೇತರಿಸಿಕೊಂಡವು ಎಂದು ಪಟ್ಟಿಯಿಂದ ಹೊರಬಂದವು. ಯೆಲ್ಲೋಐಯ ಅಂದಾಜೂ 2074ರಿಂದ 2029ಕ್ಕೆ ಹಿಂದೆ ಬಂತು. ಇದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಕ್ವಿಲ್‌ಬ್ಯಾಕ್ ಎಂಬ ಇನ್ನೊಂದು ರಾಕ್‌ಫಿಶ್ ಕುಸಿದಿದೆ ಎಂಬ ಅಂದಾಜು ಬಂದು, 2023ರಲ್ಲಿ ಅದನ್ನು ಹಿಡಿದಿಡುವುದೇ ನಿಷಿದ್ಧವಾಯಿತು.

ಬೇಡದ ಮೀನು ಬಾರದಂತೆ ಮಾಡುವುದು ಹೊಸ ಬುದ್ಧಿಯೇನಲ್ಲ. ಅದೇ ರಾಜ್ಯದ ವಾಯವ್ಯ ಮೂಲೆಯ ನೀಯಾ ಬೇಯಲ್ಲಿ ಮಕಾ ಎಂಬ ಮೂಲನಿವಾಸಿಗಳಿದ್ದಾರೆ. 1855ರ ಒಪ್ಪಂದದಲ್ಲಿ ನೆಲ ಬಿಟ್ಟುಕೊಟ್ಟರೂ ಮೀನಿನ ಹಕ್ಕು ಬಿಡದೆ ಉಳಿಸಿಕೊಂಡ ಜನ. ಹ್ಯಾಲಿಬಟ್ ಎಂಬ ಚಪ್ಪಟೆ ತಳಮೀನಿಗೆ ಅವರು ಮರವನ್ನು ಹಬೆಯಲ್ಲಿ ಬಗ್ಗಿಸಿ ಗಾಳ ಮಾಡುತ್ತಿದ್ದರು. ಅದರ ಬಾಯಿಯ ಅಳತೆ ಎಂಥದ್ದೆಂದರೆ ತೀರಾ ಚಿಕ್ಕದೂ ತೀರಾ ದೊಡ್ಡದೂ ಸಿಕ್ಕಿಕೊಳ್ಳದೆ ನಡುವಿನದು ಮಾತ್ರ ಬರಬೇಕು. ಅಜ್ಜಿಯರನ್ನು ಕೆಳಗೇ ಬಿಡುವ ಲೆಕ್ಕ ಆ ಮರದ ತುಂಡಿನಲ್ಲಿತ್ತು.

ಬೋಟು ದಕ್ಕೆಗೆ ಬಂದ ಮೇಲೆ ಕಲಾಸಿಗಳು ಮೀನಿನ ಮಾಂಸ ಬಿಡಿಸಿ ಚೀಲಕ್ಕೆ ಹಾಕಿಕೊಡುತ್ತಾರೆ, ಭಕ್ಷೀಸು ಕೊಡುವುದು ವಾಡಿಕೆ. ಅಷ್ಟರಲ್ಲಿ ಮೀನುಗಾರಿಕೆ ಇಲಾಖೆಯ ನೌಕರರೊಬ್ಬರು ಪುಸ್ತಕ ಹಿಡಿದು ಬರುತ್ತಾರೆ. ಎಷ್ಟು ಹಿಡಿದಿರಿ ಎಂಬುದು ಅರ್ಧ ಪ್ರಶ್ನೆ. ಎಷ್ಟು ಬಿಟ್ಟಿರಿ, ಎಷ್ಟು ಆಳದಲ್ಲಿ, ಇಳಿಸಿ ಬಿಟ್ಟಿರೋ ಎಸೆದು ಬಿಟ್ಟಿರೋ ಎಂಬುದು ಉಳಿದರ್ಧ. ಬಿಟ್ಟವುಗಳಲ್ಲಿ ಇಷ್ಟು ಪಾಲು ಸತ್ತಿರುತ್ತವೆ ಎಂದು ಆಳಕ್ಕೆ ತಕ್ಕಂತೆ ಅಂದಾಜು ಮಾಡಿ ವರ್ಷದ ಲೆಕ್ಕಕ್ಕೆ ಸೇರಿಸುತ್ತಾರೆ. ಮುಂದಿನ ಮಾರ್ಚ್‌ನ ನಿಯಮ ಬರುವುದು ಆ ಪುಸ್ತಕದಿಂದ.

ಮಗನೋ ಮಗಳೋ ಸಿಯಾಟಲ್‌ನಲ್ಲಿದ್ದು ವಸಂತದಲ್ಲಿ ಅಲ್ಲಿಗೆ ಹೋಗುವವರಿದ್ದರೆ ನನ್ನ ಕಡೆಯಿಂದ ಒಂದೆರಡು ಮಾತು. ಏಪ್ರಿಲ್ ಎಂದು ನಂಬಿ ತೆಳ್ಳನೆ ಅಂಗಿಯಲ್ಲಿ ಹೋಗಬೇಡಿ. ಉಣ್ಣೆಯ ಟೋಪಿ, ಮಳೆಯಂಗಿ, ರಬ್ಬರಿನ ಬೂಟು ಬೇಕು. ಹಿಂದಿನ ರಾತ್ರಿ ಹೊಟ್ಟೆ ತುಂಬ ಉಣ್ಣಬೇಡಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ, ಬಾಯಲ್ಲಿ ಶುಂಠಿ ಇರಲಿ. ಲಿಂಗ್‌ಕಾಡ್ ತಲೆಗೆ ದಿನಕ್ಕೆ ಎರಡು ಮಾತ್ರ. ರಾಕ್‌ಫಿಶ್ ಎಷ್ಟೆಂಬುದು ಬದಲಾಗುತ್ತಿರುತ್ತದೆ, ಈಚಿನ ವರ್ಷಗಳಲ್ಲಿ ಏಳು ಇತ್ತು. ಸೀಟು ಕಾದಿರಿಸುವ ಮೊದಲು, ತಳಕ್ಕಿಳಿಸುವ ಕ್ಲಿಪ್ಪು ಯಾರ ಕೈಯಲ್ಲಿರುತ್ತದೆ ಎಂದು ಫೋನಿನಲ್ಲೇ ಕೇಳಿ. ಉತ್ತರ ತಡವರಿಸಿದರೆ ಪಕ್ಕದ ಬೋಟಿಗೆ ಹೋಗಿ. ಇನ್ನು ಮೀನಿನ ವಿಷಯ: ಲಿಂಗ್‌ಕಾಡ್ ಗಟ್ಟಿ ಮಾಂಸದ್ದು, ಬ್ಯಾಡಗಿ ಮೆಣಸು, ಹುಣಸೆ, ತೆಂಗಿನಕಾಯಿ ಅರೆದ ಗಸಿಗೆ ಚೆನ್ನಾಗಿ ನಿಲ್ಲುತ್ತದೆ, ಒಡೆಯುವುದಿಲ್ಲ. ರಾಕ್‌ಫಿಶ್ ತವಾ ಫ್ರೈಗೆ ಸರಿ.